ನಟ್ಟಿಗೆ ಹಾಕಿದ ಬೀಗ

ನನಗೆ ಬೀಗದ ಹುಚ್ಚು ಎಂದು ನಮ್ಮ ಬಿಲ್ಡಿಂಗಿನವರು ಹೇಳುತ್ತಾರೆ. ಸುಳ್ಳೇನಲ್ಲ. ಬೆಳಿಗ್ಗೆ ಆಫೀಸಿಗೆ ಹೊರಟವನು ಗೇಟಿನವರೆಗೆ ಹೋಗಿ, ಮನೆಗೆ ಬೀಗ ಬಿದ್ದಿದೆಯೋ ಇಲ್ಲವೋ ಎಂದು ವಾಪಸು ಬಂದು ಎಳೆದು ನೋಡುತ್ತೇನೆ. ಹೆಂಡತಿ ಮನೆಯೊಳಗೇ ಇದ್ದರೂ ಎಳೆದು ನೋಡುತ್ತೇನೆ. "ನಾನಿದೀನಿ, ಹೋಗಿ ರೀ, ಲೋಕಲ್ ತಪ್ಪತ್ತೆ" ಎಂದು ಒಳಗಿನಿಂದ ಕೂಗು ಬಂದ ಮೇಲೆಯೇ ನನಗೆ ಸಮಾಧಾನ. ಮುಂಬೈಯ ವಿಲೆ ಪಾರ್ಲೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ನಮ್ಮ ಮನೆಯಿಂದ ಒಂದು ಚಮಚ ಕಳುವಾಗಿಲ್ಲ. ಅದಕ್ಕೆ ಬೀಗ ಕಾರಣ ಎಂದು ನಾನು ಹೇಳುತ್ತೇನೆ. ಕದಿಯುವಂಥದ್ದು ಏನೂ ಇಲ್ಲದ್ದೇ ಕಾರಣ ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಾಳೆ.

ಹೀಗಿರುವಾಗ, ಪಕ್ಕದ ಗಲ್ಲಿಯಲ್ಲಿ ಯಾರದೋ ಕಾರಿನ ಚಕ್ರಗಳು ರಾತ್ರೋರಾತ್ರಿ ಮಾಯವಾಗಿ, ಕಾರು ಇಟ್ಟಿಗೆಗಳ ಮೇಲೆ ಕೂತಿದೆ ಎಂಬ ಸುದ್ದಿ ಬಂದರೆ ನಾನು ಸುಮ್ಮನಿರುತ್ತೇನೆಯೇ? ಮಾರನೆಯ ದಿನವೇ ಹೋಗಿ ಬೀಗದ ನಟ್ಟುಗಳನ್ನು ಹಾಕಿಸಿಕೊಂಡು ಬಂದೆ. ಪ್ರತಿ ಚಕ್ರದ ನಾಲ್ಕು ನಟ್ಟುಗಳಲ್ಲಿ ಒಂದು ಇಂಥದ್ದು. ಸಾಮಾನ್ಯ ಸ್ಪ್ಯಾನರಿಗೆ ಅದು ಜಗ್ಗುವುದಿಲ್ಲ. ಅದಕ್ಕೆಂದೇ ಟೋಪಿಯಂಥ ಒಂದು ಪುಟ್ಟ ಕೀಲಿ ಕೊಡುತ್ತಾರೆ, ಅದರ ಒಳಗೆ ಹೂವಿನ ಎಸಳಿನ ಹಾಗೆ ಗೀರುಗಳು. ಆ ಕೀಲಿಯನ್ನು ಸ್ಪ್ಯಾನರಿನ ತುದಿಗೆ ಸಿಕ್ಕಿಸಿ ತಿರುಗಿಸಿದರೆ ಮಾತ್ರ ನಟ್ಟು ಬಿಚ್ಚೀತು. ಅಂಥ ಕೀಲಿಯನ್ನು ಕಾರಿನಲ್ಲೇ ಇಡುವುದೆಂದರೆ ಕಳ್ಳನಿಗೆ ತಾಂಬೂಲ ಕೊಟ್ಟು ಕರೆದ ಹಾಗೆ. ಅದಕ್ಕೇ ದೇವರ ಗೂಡಿನಲ್ಲಿ, ಕರ್ಪೂರದ ಡಬ್ಬಿಯ ಪಕ್ಕದಲ್ಲಿ ಇಟ್ಟೆ. ವರ್ಷ ವರ್ಷವೂ ಆಯುಧಪೂಜೆಯ ದಿನ, ಮಾವನವರು ಕೊಡಿಸಿದ್ದ ಟೂಲ್ ಬಾಕ್ಸು, ಈಳಿಗೆಮಣೆ, ಕತ್ತರಿಗಳ ಜೊತೆಗೆ ಇದನ್ನೂ ಮಣೆಯ ಮೇಲಿಟ್ಟು, ಗಂಧ ಅರಿಶಿನ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಹಚ್ಚಿ, ಹೂವೇರಿಸಿ ಕೈಮುಗಿಯುತ್ತಿದ್ದೆ. ಕೀಲಿಯನ್ನಾಗಲಿ ಟೂಲ್ ಬಾಕ್ಸನ್ನಾಗಲಿ ಬಳಸುವ ಪ್ರಸಂಗವೇ ಬಂದಿರಲಿಲ್ಲ. ಸುತ್ತಿಗೆಯ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಅಂಟಿಕೊಂಡಿತ್ತು.

ಈ ವರ್ಷ ಸುಮಿತ್ರಾ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಳು. ನಾನು ಶಹಭಾಸ್ ಎಂದೆ, ಕಾರು ಮಾತ್ರ ಕೊಡಲಿಲ್ಲ. ಮೊದಲು ಮಳೆ, ರಸ್ತೆಯೆಲ್ಲ ಗುಂಡಿ ಎಂದೆ. ಮಳೆ ನಿಂತ ಮೇಲೆ ಗಣಪತಿ, ಜನವೋ ಜನ ಎಂದೆ. ಗಣಪತಿಯನ್ನು ಕಳಿಸಿದ ಮೇಲೆ ನವರಾತ್ರಿ ಬಂತು. ಆಗ ಅವಳು ಕೂಗಾಡಲಿಲ್ಲ, ನಿಧಾನವಾಗಿ ಹೇಳಿದಳು: "ವಿಜಯದಶಮಿಗೆ ಮಾಟುಂಗಕ್ಕೆ ಅಕ್ಕನ ಮನೆಗೆ ಊಟಕ್ಕೆ ಹೋಗ್ತೀವಲ್ಲ, ಗಾಡಿ ನಾನು ಓಡಿಸ್ತೀನಿ. ನೀನು ಓಡಿಸ್ಕೊಂಡು ಬಂದ್ರೆ ಕೆಳಗಿಳಿದು ಬಂದು ಆರತಿ ಎತ್ತುತೀನಿ ಅಂತ ಅಕ್ಕ ನಗ್ತಿದ್ಲು. ಈ ಹಬ್ಬಾನೂ ತಪ್ಪಿದ್ರೆ ನಾನು ಇನ್ನು ಯಾವತ್ತೂ ಕೇಳೋದಿಲ್ಲ ರೀ." ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನು ಕೇಳೋದಿಲ್ಲ ಎಂದಳಲ್ಲ, ಅದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿತು. ಆಗಲಿ ಎಂದೆ.

ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ, ಪೂಜೆಗೆ ಕೂಡಿಸಿದ್ದ ಆಯುಧಗಳನ್ನು ಕದಲಿಸಿ, ಇಬ್ಬರೂ ಕೆಳಗಿಳಿದೆವು. ಅವಳು ರೇಷ್ಮೆ ಸೀರೆ ಉಟ್ಟು, ಕಾರಿನ ಕೀ ಹಿಡಿದು ಮುಂದೆ ಹೋದಳು. ಕಾರಿನ ಎಡಗಡೆಯ ಮುಂದಿನ ಟೈರು ನೆಲಕ್ಕೆ ಅಂಟಿಕೊಂಡು ಕೂತಿತ್ತು. ನಿಜ ಹೇಳಿಬಿಡುತ್ತೇನೆ, ನನ್ನ ಮನಸ್ಸು "ಸದ್ಯ!" ಎಂದಿತು. ಬಾಯಿ ಮಾತ್ರ "ಅಯ್ಯೋ" ಎಂದಿತು. ಸ್ಟೆಪ್ನಿ ಹಾಕಿದರಾಯಿತೆಂದು ಮೂರು ನಟ್ಟು ಬಿಚ್ಚಿ, ದೇವರ ಗೂಡಿನಿಂದ ಕೀಲಿ ತಂದು ನಾಲ್ಕನೆಯದಕ್ಕೆ ಸಿಕ್ಕಿಸಿದೆ. ಅದು ಪೂರ್ತಿ ಒಳಗೆ ಕೂರಲಿಲ್ಲ. ಆದದ್ದಾಗಲಿ ಎಂದು ಸ್ಪ್ಯಾನರಿನ ಮೇಲೆ ಕಾಲಿಟ್ಟು ಭಾರ ಬಿಟ್ಟೆ. ಟಕ್ ಎಂದಿತು. ಕೀಲಿ ಎರಡು ಹೋಳಾಗಿ, ನಟ್ಟಿನ ಗೀರುಗಳು ಸವೆದು ನುಣ್ಣಗಾಗಿದ್ದವು. ಹೋಳನ್ನು ಎತ್ತಿ ನೋಡಿದರೆ ಒಳಗೆಲ್ಲ ಕೆಂಪು ಹಳದಿ ಹೆಪ್ಪು, ಕಲ್ಲಿನಷ್ಟು ಗಟ್ಟಿ. ಅಷ್ಟೂ ವರ್ಷಗಳ ನನ್ನ ಭಕ್ತಿ ಆ ಎಸಳುಗಳಲ್ಲಿ ಕೂತುಬಿಟ್ಟಿತ್ತು.

ಸುಮಿತ್ರಾ ಹೋಳುಗಳನ್ನೂ ನನ್ನ ಮುಖವನ್ನೂ ನೋಡಿದಳು. "ಬೇಕಂತ್ಲೇ ಮುರಿದ್ರಾ?"

"ಛೆ ಛೆ! ದೇವರಾಣೆಗೂ ಇಲ್ಲ" ಎಂದೆ. ಕೈ ಮಾಡಿದ್ದರ ಮಟ್ಟಿಗೆ ಅದು ನಿಜವೇ. ಮನಸ್ಸಿನ ಸಂಗತಿ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಟ್ಯಾಕ್ಸಿ ಕರೀಲಾ?" ಎಂದೆ. ಧ್ವನಿಯಲ್ಲಿ ಉತ್ಸಾಹ ಒಂದಿಷ್ಟು ಹೆಚ್ಚಾಯಿತೇನೋ. ಅವಳು ಹೋಗಿ ವಾಚ್‌ಮನ್ನನ ಕುರ್ಚಿಯಲ್ಲಿ ಕೂತಳು. ಕಾರಿನ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಅದನ್ನು ನೋಡಿ ನನಗೆ ಕೆಡುಕೆನಿಸಿತು.

ಗಲ್ಲಿಯ ಕೊನೆಯ ಗ್ಯಾರೇಜಿಗೆ ಓಡಿದೆ. ಅಲ್ಲಿಯ ಮೆಕ್ಯಾನಿಕ್ ಗಣಪತ್ ಹೊಸ ಅಂಗಿ ತೊಟ್ಟು ಪೇಡೆ ಹಂಚುತ್ತಿದ್ದ. ಅವನ ಹಿಂದೆ ಕೆಂಪು ಬಟ್ಟೆಯ ಮೇಲೆ ಸ್ಪ್ಯಾನರು, ಜಾಕು, ಸುತ್ತಿಗೆಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಸಾಲಾಗಿ ಮಲಗಿದ್ದವು. "ಕಾಕಾ, ಆಜ್ ಔಜಾರ್ ಕೋ ಹಾಥ್ ನಹೀ ಲಗಾನೇಕಾ" ಎಂದ. ಅವರಲ್ಲಿ ದಸರೆಯ ದಿನವೇ ಪೂಜೆ, ಅವತ್ತೆಲ್ಲ ಆಯುಧ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಪೂಜೆ ನಿನ್ನೆಯೇ ಮುಗಿದಿದೆ, ಇವತ್ತು ಕದಲಿಸಿಯೂ ಆಗಿದೆ, ನಮ್ಮ ಮನೆಯ ಸುತ್ತಿಗೆ ಹಿಡಿಯಬಹುದಲ್ಲ ಎಂದು ವಾದಿಸಿದೆ. ಗಣಪತ್ ಆಗುವುದಿಲ್ಲ ಎಂದು ತಲೆಯಾಡಿಸಿದ. ಯಾರ ಮನೆಯದಾದರೂ ಸುತ್ತಿಗೆ ಸುತ್ತಿಗೆಯೇ. "ಹಾಥ್ ಬಂದ್ ಹೈ ಕಾಕಾ. ಮೂಹ್ ಚಾಲೂ ಹೈ" ಎಂದು ನಗುತ್ತಾ, ರಜೆ ಕೈಗೆ, ಬಾಯಿಗಲ್ಲ ಎನ್ನುವ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಜೊತೆ ಹೊರಟುಬಂದ. ಪೂಜೆ ಮಾಡಿಯೇ ಕೀಲಿ ಮುರಿದವನು ನಾನು, ಅವನಿಗೆ ಎದುರು ಹೇಳಲು ಯಾವ ಮುಖವಿತ್ತು?

ಅವನು ಬಾಯಲ್ಲಿ ಹೇಳಿದ ಉಪಾಯ ಸುಲಭವಾಗಿತ್ತು. ಟೂಲ್ ಬಾಕ್ಸಿನಿಂದ ನಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಾದ ಸಾಕೆಟ್ ಆರಿಸಿ, ಅದನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಹೊಡೆದು ಕೂಡಿಸಬೇಕು. ಅದು ಕಚ್ಚಿಕೊಂಡ ಮೇಲೆ ತಿರುಗಿಸಬೇಕು. ಚೀಟಿ ಅಂಟಿದ ಸುತ್ತಿಗೆಯನ್ನು ಎತ್ತಿ ಹೊಡೆದೆ, ಟೈರಿಗೆ ಬಿತ್ತು. ಇನ್ನೊಮ್ಮೆ ಹೊಡೆದೆ, ಕುಂಕುಮ ಹಚ್ಚುವ ಅದೇ ಹೆಬ್ಬೆರಳಿಗೆ ಬಿತ್ತು. "ಕಾಕಾ, ಪ್ಯಾರ್ ಸೇ ನಹೀ, ಜೋರ್ ಸೇ" ಎಂದು ಗಣಪತ್ ಬೆನ್ನ ಹಿಂದೆಯೇ ಕೈ ಹೊಸೆದುಕೊಂಡ. ಆಗ ಸುಮಿತ್ರಾ ಎದ್ದು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಸ್ವಲ್ಪ ಸರೀರಿ" ಎಂದು ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಕೂತಳು. ಆ ಪೆಟ್ಟುಗಳಲ್ಲಿ ಮಳೆ, ಗಣಪತಿ, ನವರಾತ್ರಿ ಎಲ್ಲವೂ ಇದ್ದವು. ಸಾಕೆಟ್ ನಟ್ಟಿನ ಮೇಲೆ ಗಪ್ಪನೆ ಕೂತಿತು.

"ಅಬ್ ಕಾಕಾ ದಬಾಕೇ ಪಕಡೋ, ಕಾಕೀ ಘುಮಾಯೇಗೀ" ಎಂದ ಗಣಪತ್. ಸಾಕೆಟ್ ಜಾರದಂತೆ ಅಂಗೈಯಿಂದ ಒತ್ತಿ ಹಿಡಿಯುವುದು ನನ್ನ ಪಾಲಿಗೆ, ಸ್ಪ್ಯಾನರು ತಿರುಗಿಸುವುದು ಅವಳ ಪಾಲಿಗೆ. ನಾನು ಕೈಯನ್ನು ಒಂದಿಷ್ಟು ಸಡಿಲ ಬಿಟ್ಟರೆ ಸಾಕಿತ್ತು. ಸಾಕೆಟ್ ಜಾರಿ ನಟ್ಟು ಪೂರ್ತಿ ಹಾಳಾಗಿ, ಟ್ಯಾಕ್ಸಿಯೇ ಗತಿಯಾಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ತಲೆಯೆತ್ತಿ ಅವಳನ್ನು ನೋಡಿದೆ. ಬೆವರಿಗೆ ಹಣೆಯ ಕುಂಕುಮ ಇಳಿದು ಮೂಗಿನ ಮೇಲೆ ಬಂದಿತ್ತು, ಹಲ್ಲು ಕಚ್ಚಿದ್ದಳು, ಕಣ್ಣು ಆ ನಟ್ಟಿನ ಮೇಲೇ ಇತ್ತು. ನಾನು ಹೆಬ್ಬೆರಳಿನ ನೋವನ್ನೂ ಮರೆತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿ ಹಿಡಿದೆ. ಕಿರ್ ಎಂದಿತು. ನಟ್ಟು ತಿರುಗಿತು. ವಾಚ್‌ಮನ್ ಚಪ್ಪಾಳೆ ತಟ್ಟಿದ. ಸ್ಟೆಪ್ನಿಗೆ ನಾಲ್ಕನೆಯ ನಟ್ಟು ಬೇಕಲ್ಲ, ಅದನ್ನು ಗಣಪತ್ ತನ್ನ ಜೇಬಿನಿಂದಲೇ ತೆಗೆದುಕೊಟ್ಟ. "ನಟ್ ಔಜಾರ್ ನಹೀ ಹೈ, ಮಾಲ್ ಹೈ" ಎಂದು, ನಟ್ಟು ಆಯುಧವಲ್ಲ, ಬರೀ ಸರಕು ಎಂಬ ಶಾಸ್ತ್ರವನ್ನೂ ಅವನೇ ಹೇಳಿದ.

ಸುಮಿತ್ರಾ ಓಡಿಸಿದಳು. ನಾನು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಬಲಗಾಲಿನಿಂದ ಬ್ರೇಕ್ ಒತ್ತಿದೆ. ಮಾಹಿಮ್ ಬರುವಾಗ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ರೀ, ಆ ಕಡೆ ಬ್ರೇಕ್ ಇಲ್ಲ" ಎಂದಳು. ಗೊತ್ತಿತ್ತು, ಆದರೂ ಮೀನಖಂಡ ನೋಯುವಷ್ಟು ಒತ್ತಿದೆ. ಮಾಟುಂಗದಲ್ಲಿ ಅವಳ ಅಕ್ಕ ಮಾತಿಗೆ ತಪ್ಪದೆ ಆರತಿ ತಟ್ಟೆ ಹಿಡಿದು ಕೆಳಗೇ ನಿಂತಿದ್ದರು. "ಯಾಕೇ ಸುಮಿ, ಇಷ್ಟು ಹೊತ್ತು?" ಎಂದರು.

"ಪಂಕ್ಚರ್ ಆಗಿತ್ತಕ್ಕ. ಒಂದು ನಟ್ಟು ಬರ್ಲೇ ಇಲ್ಲ. ಇವರೇ ಬಿಚ್ಚಿದ್ರು" ಎಂದಳು ಸುಮಿತ್ರಾ.

ನಾನು ಆಗಲೇ ಇಲ್ಲ ಎನ್ನಬೇಕಿತ್ತು. ಪಾಯಸ ಬಡಿಸುವ ಹೊತ್ತಿಗೆ, ಎಂಥ ಸಾಕೆಟ್ ಆರಿಸಬೇಕು, ಯಾವ ಕೋನದಲ್ಲಿ ಹೊಡೆಯಬೇಕು ಎಂದು ನನ್ನ ಷಡ್ಡಕನಿಗೆ ವಿವರಿಸುತ್ತಿದ್ದೆ. ಹೋಳಿಗೆಯ ಹೊತ್ತಿಗೆ ನನಗೇ ಅದೆಲ್ಲ ನಿಜವೆನಿಸತೊಡಗಿತ್ತು. ಕೈತೊಳೆಯಲು ಎದ್ದಾಗ ಅಕ್ಕ, "ಅಲ್ರೀ, ಗಾಡಿ ಓಡಿಸಿದ್ದು ಅವಳು, ಕುಂಟ್ತಾ ಇರೋದು ನೀವು?" ಎಂದರು. ಸುಮಿತ್ರಾ ಮಜ್ಜಿಗೆಯ ಲೋಟದೊಳಗೆ ನಕ್ಕಳು.

ಸಂಜೆ ಹೊರಡುವಾಗ ಅವಳು ಕೀ ಚಾಚಿದಳು. "ವಾಪಸ್ ನೀವು ಓಡಿಸ್ತೀರಾ?" ಕೊಂಕಿರಲಿಲ್ಲ, ಸುಮ್ಮನೆ ಕೇಳಿದ್ದಳು. ನನ್ನ ಕೈ ಅರ್ಧ ಮೇಲೆ ಬಂದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, "ಬೇಡ, ನೀನೇ ಓಡಿಸು" ಎಂದೆ. ಎಡಗಡೆ ಕೂತು, ಬೆಲ್ಟ್ ಹಾಕಿ, ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಿಚಿಕೊಂಡು ಚಕ್ಕಳಮಕ್ಕಳ ಹಾಕಿದೆ. ಕಾಲು ಕೆಳಗಿದ್ದರಲ್ಲವೇ ಬ್ರೇಕ್ ಒತ್ತುವುದು. ಅವಳು ನೋಡಿದಳು, ಮುಖವರಳಿತು. ಗಾಡಿ ಮೆಲ್ಲನೆ ಗೇಟಿನ ಕಡೆ ಹೊರಟಿತು. ಇಷ್ಟು ದೊಡ್ಡ ಮನಸ್ಸು ಮಾಡಿದೆನಲ್ಲ ಎಂದು ನನಗೇ ನನ್ನ ಮೇಲೆ ಹೆಮ್ಮೆ ಬಂತು. ಆ ಹೆಮ್ಮೆಯಲ್ಲಿ, ಅಭ್ಯಾಸಬಲ ನೋಡಿ, ಬಾಗಿಲಿಗೆ ಲಾಕ್ ಬಿದ್ದಿದೆಯೋ ಇಲ್ಲವೋ ಎಂದು ಹಿಡಿಕೆ ಎಳೆದು ನೋಡಿದೆ. ಬಾಗಿಲು ಪೂರ್ತಿ ತೆರೆದುಕೊಂಡಿತು. ಸುಮಿತ್ರಾ ಬ್ರೇಕ್ ಹಾಕಿದಳು. ಗಾಡಿ ನಿಂತಿತು, ನಾನು ಹಾಕಿದ್ದರೆ ಹೇಗೆ ನಿಲ್ಲುತ್ತಿತ್ತೋ ಅದಕ್ಕಿಂತ ಚೆನ್ನಾಗಿಯೇ ನಿಂತಿತು.