ನಾಲ್ಕು ಇಡ್ಲಿಗೆ ಹೋದ ನೌಕರಿ

ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳಿಗೆ ಹೆದರುವವಳು ನಾನಲ್ಲ. ಡ್ರಿಪ್ಪು ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು, ಕೈಗೆ ಸಿಗದ ನರವನ್ನು ಎಲ್ಲಿ ಹುಡುಕಬೇಕು, ಸೂಜಿ ಕಂಡೊಡನೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಗಂಡಸರನ್ನು ಹೇಗೆ ಹೊರಗೆ ಕರೆಯಬೇಕು, ಎಲ್ಲಕ್ಕೂ ನನ್ನ ಬಳಿ ಉತ್ತರವಿದೆ. ಆದರೆ ಕೊನೆಗೊಂದು ಪ್ರಶ್ನೆ ಬರುತ್ತದೆ ನೋಡಿ, ‘ಹಿಂದಿನ ಕೆಲಸ ಯಾಕಮ್ಮ ಬಿಟ್ರಿ?’ ಎಂದು, ಆಗ ನಾಲಿಗೆ ಒಣಗುತ್ತದೆ. ಬಿಟ್ಟವಳು ನಾನಾಗಿದ್ದರೆ ಏನೋ ಒಂದು ಹೇಳಬಹುದಿತ್ತು. ನನ್ನನ್ನು ತೆಗೆದುಹಾಕಿದ್ದರು. ಅದೂ ನಾಲ್ಕು ಇಡ್ಲಿಯ ದೆಸೆಯಿಂದ.

ಆಗ ನಾನು ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಮುದ್ದೇನಹಳ್ಳಿ ಕಡೆಯ ನಾರಾಯಣಪ್ಪ ಎಂಬ ಹಿರಿಯರಿಗೆ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಹರ್ನಿಯಾ ಆಪರೇಷನ್. ಅಲ್ಲಿಯವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಹಾಗೆಂದು ಬರೆದ ಬೋರ್ಡನ್ನು ಮಂಚಕ್ಕೆ ನೇತುಹಾಕುವುದು ನನ್ನ ಕೆಲಸ. ಬೋರ್ಡು ಹಿಡಿದುಕೊಂಡೇ ಹೋದೆ. ಅಷ್ಟರಲ್ಲಿ ಅವರು ತಮ್ಮ ದ್ರಾಕ್ಷಿ ತೋಟದ ಮಾತು ತೆಗೆದರು. ನನಗೋ ಮಾತೆಂದರೆ ಪ್ರಾಣ. ಬಳ್ಳಿಯನ್ನು ಯಾವಾಗ ಸವರಬೇಕು, ಚಿಗುರೊಡೆಯುವ ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು ಎಂದೆಲ್ಲ ವಿಚಾರಿಸುತ್ತಾ ಬೋರ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅದು ಅಲ್ಲೇ ಉಳಿಯಿತು. ಎಂಟು ಗಂಟೆಗೆ ಕ್ಯಾಂಟೀನಿನವರು ತಿಂಡಿ ಹಂಚುತ್ತಾ ಬಂದರು. ಎಂಟೂವರೆಗೆ ನಾನು ಹೋಗಿ ನೋಡಿದರೆ ತಟ್ಟೆ ಖಾಲಿ, ಚಟ್ನಿಯನ್ನೂ ಬಳಿದು ಮುಗಿಸಿದ್ದರು.

“ಅಯ್ಯೋ, ತಿನ್ಬಾರ್ದು ಅಂತ ರಾತ್ರಿ ಸಿಸ್ಟರ್ ಹೇಳಿರ್ಲಿಲ್ವಾ ತಾತ?” ಎಂದೆ.

“ರಾತ್ರಿ ತಿನ್ಬೇಡಿ ಅಂದ್ರು, ತಿನ್ಲಿಲ್ಲ. ಈಗ ಬೆಳಗಾಯ್ತಲ್ಲಮ್ಮ,” ಎಂದರು ಅವರು. ನನ್ನ ಮುಖ ನೋಡಿ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿ, ದನಿ ತಗ್ಗಿಸಿದರು. “ಯಾರ್ಗೂ ಹೇಳ್ಬೇಡ ಕಣಮ್ಮ. ನಾಲ್ಕೇ ಇಡ್ಲಿ. ಕೊಯ್ಯೋದು ತೊಡೆ ಸಂದೀಲಿ ತಾನೆ, ಹೊಟ್ಟೇಲಲ್ವಲ್ಲ.”

ನಿಜ ಹೇಳುತ್ತೇನೆ, ಒಂದು ನಿಮಿಷ ನನಗೂ ಹಾಗೇ ಅನ್ನಿಸಿತು. ಆಪರೇಷನ್ ಮಾಡುವ ಡಾಕ್ಟರು ಬೆಂಗಳೂರಿನಿಂದ ಬಂದಿಳಿದು ಕಾಫಿ ಕುಡಿಯುತ್ತಿದ್ದರು. ತಟ್ಟೆಯನ್ನು ನಾನೇ ತೊಳೆದಿಟ್ಟರೆ ಕೇಳುವವರಿಲ್ಲ. ಆದರೆ ಅರಿವಳಿಕೆಯ ಮಂಪರಿನಲ್ಲಿ ಆ ಇಡ್ಲಿ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ತಾತ ಏಳುವುದೇ ಅನುಮಾನ. ಖಾಲಿ ತಟ್ಟೆ ಹಿಡಿದುಕೊಂಡೇ ಹೋಗಿ ನರ್ಸಿಂಗ್ ಹೋಮ್ ನಡೆಸುವ ನಮ್ಮ ಡಾಕ್ಟರಿಗೆ ಹೇಳಿಬಿಟ್ಟೆ. ಆಪರೇಷನ್ ಮುಂದಕ್ಕೆ ಹೋಯಿತು, ಬೆಂಗಳೂರಿನ ಡಾಕ್ಟರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ವಾಪಸು ಹೋದರು, ಮಧ್ಯಾಹ್ನ ನಮ್ಮ ಡಾಕ್ಟರು ನನ್ನನ್ನು ಕರೆದು “ನಾಳೆಯಿಂದ ಬರ್ಬೇಡಿ” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನನ್ನ ಅತ್ತೆ ಆಂಧ್ರದ ಗಡಿಯ ಕಡೆಯವರು, ಕನಿಕರ ಹೆಚ್ಚಾದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ. “ಪೋನೀಲೇ, ಬಿಡಮ್ಮ. ಮುದುಕ ಬದುಕಿದಾನಲ್ಲ. ಕೆಲ್ಸ ಇನ್ನೊಂದು ಸಿಕ್ಕತ್ತೆ,” ಎಂದು ತಟ್ಟೆಗೆ ಬಿಸಿ ಮುದ್ದೆ ಹಾಕಿದರು. ಮೂರು ತಿಂಗಳು ನಾನು ಮನೆಯಲ್ಲಿ ಕೂತಾಗಲೂ ಆ ಬಾಯಲ್ಲಿ ಒಂದು ಕೊಂಕು ಬರಲಿಲ್ಲ. ಬದಲಿಗೆ ಉಪಾಯ ಹೇಳಿಕೊಟ್ಟರು. “ಅತ್ತೆಗೆ ಹುಷಾರಿರ್ಲಿಲ್ಲ, ನೋಡ್ಕೊಳ್ಳೋಕೆ ಬಿಟ್ಟೆ ಅಂತ ಹೇಳು ಕಣೇ. ನಂಗೇನು ನಷ್ಟ?”

ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಹಾಗೆಯೇ ಹೇಳಿದೆ. ಸಂದರ್ಶನ ಮಾಡಿದ ಡಾಕ್ಟರು ಒಳ್ಳೆಯವರು. “ಏನಾಗಿತ್ತಮ್ಮ ಅವ್ರಿಗೆ?” ಎಂದರು. ಮಂಡಿ ಹಿಡಿದುಕೊಂಡು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ ಎಂದೆ. “ನಾನು ಮೂಳೆ ಡಾಕ್ಟ್ರೇ. ಒಂದಿನ ಕರ್ಕೊಂಡ್ ಬನ್ನಿ,” ಎಂದರು. ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಅತ್ತೆ ಹೊರಗೇ ಕೂತಿದ್ದಾರೆ ಎಂದು ಬಾಯಿ ಬಿಟ್ಟೆ! ಸಂದರ್ಶನ ಮುಗಿಸಿ ಇಬ್ಬರೂ ಹತ್ತಿರದ ವಿದುರಾಶ್ವತ್ಥದ ದೇವಸ್ಥಾನಕ್ಕೆ ಹೋಗಿ ಬರುವುದೆಂದು ಅವರೂ ಜೊತೆಗೆ ಬಂದಿದ್ದರು. ಕರೆದೊಡನೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡ ನಡೆದು ಬಂದರು. ನಮ್ಮಿಬ್ಬರ ಮುಖ ನೋಡಿದರು. ತಮಗೆ ಈಗ ಕಾಯಿಲೆ ಇರಬೇಕು ಎಂಬುದು ಹೊಳೆಯಿತು, ಯಾವ ಕಾಯಿಲೆ ಎಂಬುದು ಹೊಳೆಯಲಿಲ್ಲ. ಪಾಪ, ನಿಂತಲ್ಲೇ ಕೆಮ್ಮಲು ಶುರು ಮಾಡಿದರು. ಡಾಕ್ಟರು ನಕ್ಕು ನೀರು ಕೊಟ್ಟರು. ಕೆಲಸ ಕೊಡಲಿಲ್ಲ.

ಚಿಂತಾಮಣಿಯಲ್ಲಿ ಸುಳ್ಳೂ ಬೇಡ, ನಿಜವೂ ಬೇಡ ಎಂದು “ಮ್ಯಾನೇಜ್‌ಮೆಂಟ್ ಜೊತೆ ಸ್ವಲ್ಪ ಭಿನ್ನಾಭಿಪ್ರಾಯ ಸರ್” ಎಂದೆ. ಅಲ್ಲಿನ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ಔಷಧಿ ಸ್ಟಾಕಿಂದು ಏನಾದ್ರೂ ವಿಷ್ಯಾನಾ?” ಎಂದರು. ಕಳ್ಳತನಕ್ಕೆ ಹೋಲಿಸಿದರೆ ನನ್ನ ಇಡ್ಲಿ ಎಷ್ಟು ಮರ್ಯಾದಸ್ತ ತಪ್ಪು ಎಂದು ನನಗೆ ಅಂದೇ ತಿಳಿದದ್ದು. ಬಸ್ಸಿನಲ್ಲಿ ಕೂತು ಮುಂದಿನ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ತೀರ್ಮಾನಿಸಿದೆ.

ಮುಂದಿನ ಸಲ ಶಿಡ್ಲಘಟ್ಟದಲ್ಲಿ. ಅಲ್ಲಿನ ಆಸ್ಪತ್ರೆಯ ಮೇಟ್ರನ್ ಸರೋಜಮ್ಮ, ಕೂದಲು ಪೂರ್ತಿ ಬೆಳ್ಳಗಾದ ಹೆಂಗಸು, ಪ್ರಶ್ನೆ ಕೇಳುವ ಮೊದಲೇ ನಾನು ಶುರು ಮಾಡಿದೆ. ದ್ರಾಕ್ಷಿ ಬಳ್ಳಿಯಿಂದ ಹಿಡಿದು ಚಟ್ನಿಯವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸಿ, ಕರವಸ್ತ್ರ ತೆಗೆದೆ. ಅವರು ಕೇಳಿದ್ದು ಒಂದೇ ಮಾತು. “ತಟ್ಟೆ ಖಾಲಿ ಇದ್ದಿದ್ನ ಮೊದ್ಲು ನೋಡಿದ್ದು ಯಾರು?”

“ನಾನೇ ಮೇಡಂ. ಬೇರೆ ಯಾರೂ ನೋಡಿರ್ಲಿಲ್ಲ.”

ಅವರು ನನ್ನೆದುರಿಗೇ ಚಿಕ್ಕಬಳ್ಳಾಪುರಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ನಮ್ಮ ಹಳೆಯ ಡಾಕ್ಟರ ದನಿ ಕೇಳಿ ಎದ್ದು ನಿಂತುಬಿಟ್ಟೆ. “ಆ ಹುಡ್ಗೀಗೆ ಬಾಯಿ ಜಾಸ್ತಿ, ಮರೆವೂ ಜಾಸ್ತಿ,” ಎಂದರು ಅವರು. ಆಮೇಲೆ, “ಆದ್ರೆ ತಪ್ಪು ಮಾಡಿದ್ರೆ ತಾನಾಗೇ ಬಂದು ಹೇಳ್ತಾಳೆ. ಆವತ್ತು ನಾನು ತೆಗೆದಿದ್ದು ಸ್ವಲ್ಪ ದುಡುಕಾಯ್ತು. ನಾರಾಯಣಪ್ಪ ಚೆನ್ನಾಗಿದಾರೆ ಅಂತ ತಿಳಿಸಿ,” ಎಂದರು. ಕರವಸ್ತ್ರ ಕೊನೆಗೂ ಕೆಲಸಕ್ಕೆ ಬಂತು. ಸರೋಜಮ್ಮ ಸೋಮವಾರದಿಂದ ಬರಲು ಹೇಳಿದರು. ಅಂದು ಮನೆಯಲ್ಲಿ ಅತ್ತೆಯ ಕಾಲಿಗೆ ಬಿದ್ದರೆ, “ಏಳೇ, ನಿಜವಾಗ್ಲೂ ಮಂಡಿ ನೋವು ಬಂದೀತು,” ಎಂದು ಹಿಂದೆ ಸರಿದರು.

ಆ ಮೂವರ ಋಣ ನಾನು ತೀರಿಸುವಂಥದ್ದಲ್ಲ. ತೆಗೆದರೂ ನನ್ನ ಬಗ್ಗೆ ನಿಜ ಹೇಳಿದ ಡಾಕ್ಟರು, ಕೇಳಿಸಿಕೊಂಡ ಸರೋಜಮ್ಮ, ನನಗಾಗಿ ಕೆಮ್ಮಿದ ಅತ್ತೆ. ಆದರೆ ನನ್ನ ಸ್ವಭಾವ ನೋಡಿ, ಕೃತಜ್ಞತೆ ಬಹಳ ಬೇಗ ಉಪನ್ಯಾಸವಾಯಿತು. ಹೊಸದಾಗಿ ಸೇರಿದ ಹುಡುಗಿಯರನ್ನು ಊಟದ ಹೊತ್ತಿನಲ್ಲಿ ಸುತ್ತ ಕೂರಿಸಿಕೊಂಡು, “ಸತ್ಯ ಹೇಳಿದ್ದಕ್ಕೇ ನಂಗೆ ಈ ಕೆಲ್ಸ ಸಿಕ್ಕಿದ್ದು ಕಣ್ರಮ್ಮ,” ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತೇನೆ.

ಕಳೆದ ತಿಂಗಳು ಸರೋಜಮ್ಮ ನಿವೃತ್ತರಾದರು. ಬೀಳ್ಕೊಡುವಾಗ ಕಣ್ಣಲ್ಲಿ ನೀರು ತುಂಬಿಕೊಂಡು, “ಅಷ್ಟು ಜನರಲ್ಲಿ ನನ್ನನ್ನೇ ಆರಿಸಿದ್ರಲ್ಲ ಮೇಡಂ,” ಎಂದೆ.

“ಎಷ್ಟು ಜನ?” ಎಂದರು ಅವರು. “ಆವತ್ತು ಬಂದಿದ್ದು ನೀನೊಬ್ಬಳೇ ಕಣಮ್ಮ.”

ಹುಡುಗಿಯರಿಗೆ ಈ ಭಾಗವನ್ನು ನಾನಿನ್ನೂ ಹೇಳಿಲ್ಲ.