ಫಕೀರೇಶನ ಸರಕಾರಿ ಬಸಿರು

ನಮ್ಮ ಊರಿನಲ್ಲಿ ರೋಗಿ ಅಂತ ಇರುವವನು ಒಬ್ಬನೇ, ಮಿರ್ಚಿ ಬಂಡಿಯ ಫಕೀರೇಶ. ಉಳಿದವರೆಲ್ಲ ನಿರೋಗಿಗಳೆಂದು ಸರಕಾರದ ಆರೋಗ್ಯ ಜಾಲದಲ್ಲಿ ನಮೂದಾಗಿದೆ. ಜಾಲದಾಗ ಬಂತಂದ ಮ್ಯಾಲೆ ಅದು ಖರೇನೇ.

ಇನ್ನು ಮುಂದೆ ಡಾಕ್ಟರು ಊರಿಗೆ ಬರುವುದಿಲ್ಲ, ಮೊಬೈಲಿನೊಳಗೇ ಬರುತ್ತಾರೆ ಎಂದು ಡಂಗುರ ಸಾರಿದರು. ಹೆಸರು ಹಚ್ಚಲು ಮೊಬೈಲ್ ನಂಬರು ಬೇಕು. ಗ್ಯಾಸಿಗಾಗಲಿ ರೇಶನ್ನಿಗಾಗಲಿ ಯಾರೇ ನಂಬರು ಕೇಳಿದರೂ ಫಕೀರೇಶನದನ್ನೇ ಕೊಡುವುದು ನಮ್ಮೂರ ಪದ್ಧತಿ. ಅವನು ಮುಂಜಾನೆಯಿಂದ ಸಂಜಿತನಕ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಾನೆ. ಓಟಿಪಿ ಬಂದರೆ ಮಿರ್ಚಿ ತಿರುವುತ್ತಲೇ ಒದರುತ್ತಾನೆ. ಮಂದಿ ಮಿರ್ಚಿ ತಿಂದು ಓಟಿಪಿ ಒಯ್ಯುತ್ತಾರೆ. ಹೀಗಾಗಿ ಖಾದರಬಿಯ ಸಕ್ಕರೆ ಕಾಯಿಲೆ, ಗುರವ್ವನ ಮೊಣಕಾಲು, ಮಹಾನಂದಾಳ ಬಸಿರು, ಎಲ್ಲವೂ ಫಕೀರೇಶನ ಮೈಮೇಲೆ ಬಂದವು.

ಮೊಬೈಲ್ ಡಾಕ್ಟರು ಅವನ ಮುಖ ನೋಡಲಿಲ್ಲ, ಬರೆದದ್ದನ್ನು ಓದಿದರು. "ಫಕೀರೇಶ ಅವರೇ, ನಿಮಗೀಗ ಏಳು ತಿಂಗಳು. ಭಾರ ಎತ್ತಬೇಡಿ."

"ಸಾಹೇಬ್ರ, ನಾ ಗಂಡಸರಿ!"

"ಅದು ಬೇರೆ ವಿಭಾಗ," ಎಂದು ಡಾಕ್ಟರು ಕಟ್ ಮಾಡಿದರು.

ಫಕೀರೇಶ ನರ್ಸ್ ಸುಧಾರಾಣಿಯ ಹತ್ತಿರ ಓಡಿದ. "ಸಿಸ್ಟರ್, ಈ ಬಸಿರು ಮಹಾನಂದಾಂದ್ರಿ. ಅಕಿ ಹೆಸರಿಗೆ ಹಾಕ್ರಿ."

"ತಿದ್ದೂ ಬಟನ್ ಹೆರಿಗಿ ಆದ ಮ್ಯಾಲೇ ತೆರೀತೈತಿ. ಈಗ ಮುಟ್ಟಿದ್ರ ಎಲ್ಲಾ ಅಳಿಸಿ ಹೋಗ್ತೈತಿ. ಆಮ್ಯಾಲೆ ಆಂಬುಲೆನ್ಸ್ ಯಾರಿಗೆ ಬರ್ತೈತಿ?"

ಮಹಾನಂದಾಳ ಮೊದಲ ಕೂಸು ಗಾಡಿ ಸಿಗದೆ ದಾರಿಯಲ್ಲೇ ಹೋಗಿತ್ತು. ಫಕೀರೇಶ ತನ್ನ ಹೆಸರಿಗೆ ಬಂದ ಕಬ್ಬಿಣದ ಗುಳಿಗಿ ಇಸಿದುಕೊಂಡು, ಸಹಿ ಮಾಡಿ, ಮಹಾನಂದಾಳಿಗೆ ಮುಟ್ಟಿಸಿದ.

ಒಂದು ಮಧ್ಯಾಹ್ನ ಮಹಾನಂದಾಳಿಗೆ ಹೆರಿಗಿ ಬ್ಯಾನಿ ಸುರುವಾಯಿತು. ಆಂಬುಲೆನ್ಸ್ ಬಂದು ನೆಟ್ಟಗೆ ಮಿರ್ಚಿ ಬಂಡಿಯ ಮುಂದೆ ನಿಂತಿತು. ಮಹಾನಂದಾಳನ್ನು ಅಲ್ಲಿಗೇ ನಡೆಸಿ ತಂದರು. ಡ್ರೈವರ್ ಮುಜಫರ್ ಇಳಿದು, "ಪೇಶಂಟ್ ಫಕೀರೇಶ ಯಾರ್ರಿ?" ಎಂದ.

ಖಾದರಬಿ ಸಿಟ್ಟಿಗೆದ್ದಳು. "ಬಸರಿ ಯಾರಂತ ನಿನ್ನ ಕಣ್ಣಿಗೆ ಕಾಣ್ಸೂದಿಲ್ಲೇನೋ ಮುಜಫರ್?"

"ನನಗ ಕಾಣ್ತೈತಿ ಖಾಲಾ, ಮೊಬೈಲಿಗೆ ಕಾಣಬೇಕಲ್ಲ. ಫೋಟೋಕ್ಕ ಮುಖ ತಾಳೆ ಆಗದಿದ್ರ ಗಾಡಿ ಬಿಡಾಕ ಬರೂದಿಲ್ಲ. ಪೇಶಂಟ್ ಜೋಡಿ ಒಬ್ರು ಬರಬಹುದು."

ಫಕೀರೇಶ ಎಣ್ಣಿ ಒಲಿ ಆರಿಸಿದ, ಕೈ ತೊಳೆದ, ಸ್ಟ್ರೆಚರ್ ಮೇಲೆ ಮಲಗಿದ. ಫೋಟೋ ತಾಳೆಯಾಯಿತು. ಮಹಾನಂದಾ ಅವನ ಆರೈಕೆಗೆಂದು ಬಾಜು ಕುಂತಳು.

"ಲೇ ಫಕೀರ್ಯಾ, ಸರಕೊಳ್ಳೋ, ಜೀವ ಹೊಂಟೈತಿ ನಂದು!"

"ಸರಿಯಾಕ ಬರೂದಿಲ್ಲಕ್ಕಾ, ಬೆಲ್ಟ್ ಬಿಗದಾರ. ಕೈ ಹಿಡ್ಕೋ."

ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಅವಳು ಬ್ಯಾನಿಗೆ, ಅವನು ಅವಳ ಹಿಡಿತಕ್ಕೆ, ಇಬ್ಬರೂ ಚೀರಿದರು. ಮುಜಫರ್ ಹೇಳುವ ಪ್ರಕಾರ ಫಕೀರೇಶನ ದನಿಯೇ ಜೋರಿತ್ತು.

ದವಾಖಾನಿಯ ಬಾಗಿಲಲ್ಲಿ ಕಾವಲುಗಾರ ಮಹಾನಂದಾಳನ್ನು ತಡೆದ. "ಪೇಶಂಟ್ ಅಷ್ಟೇ ಒಳಗ. ಜೋಡಿ ಬಂದವರು ಹೊರಗ ಕುಂದರ್ರಿ."

ಆಗ ಫಕೀರೇಶ ಸ್ಟ್ರೆಚರ್ ಮೇಲಿಂದ, "ನನಗ ಅಂಜಿಕಿ ಬರ್ತೈತ್ರಿ! ಅಕ್ಕ ಇಲ್ಲದ ನಾ ಹಡ್ಯಾಂಗಿಲ್ಲ!" ಎಂದು ಗೋಳಾಡಿದ. ಅಂಜುವ ಗರ್ಭಿಣಿಯ ಜೊತೆ ಒಬ್ಬ ಹೆಣ್ಣುಮಗಳು ಇರತಕ್ಕದ್ದು ಎಂಬ ನಿಯಮ ಗೋಡೆ ಮೇಲೆಯೇ ಇತ್ತು. ಇಬ್ಬರನ್ನೂ ಒಳಗೆ ಬಿಟ್ಟರು. ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. 'ತಾಯಿ ಫಕೀರೇಶ ಮತ್ತು ಮಗು ಕ್ಷೇಮ' ಎಂದು ಜಾಲದಲ್ಲಿ ಬಂತು.

ತಿದ್ದುವ ಬಟನ್ ತೆರೆಯಿತು. ಸುಧಾರಾಣಿ, "ಒತ್ತಲೇನು?" ಎಂದು ಕೇಳಿದರೆ ಮಹಾನಂದಾನೇ, "ಬ್ಯಾಡ್ರಿ, ಕೂಸಿನ ಸೂಜಿ ಮೆಸೇಜೂ ಅವಂಗೇ ಬರ್ಲಿ, ಅವಾ ಒದರಿ ಹೇಳ್ತಾನ" ಅಂದಳು. ಊರು ಒಪ್ಪಿತು.

ಮರುದಿನ ಫಕೀರೇಶ ಒಲಿ ಹಚ್ಚಿದಾಗ ಖಾದರಬಿ ಬಂದು ಅವನ ಕಿವಿಗೆ ಬಿಗಿಯಾಗಿ ಅರಿವಿ ಕಟ್ಟಿದಳು. "ಹಸಿ ಬಾಣಂತಿ, ಗಾಳಿಗೆ ನಿಂತೀಯಲ್ಲೋ."

"ಹೌದಬೇ," ಎಂದ ಫಕೀರೇಶ, ಸ್ಟೂಲು ಎಳೆದುಕೊಂಡು ಮೆಲ್ಲಕೆ ಕುಂತ. "ಸೊಂಟಾನೂ ಜಗ್ಗಾಕ ಹತ್ತೈತಿ."