ಒಂದೇ ಒಂದು ಗೈರುಹಾಜರಿ

ಗಣಿತದ ಮೇಷ್ಟ್ರಿಗೆ ಈ ಲೋಕದಲ್ಲಿ ಬೇಡವಾದದ್ದು ಒಂದೇ ಒಂದು: ಶಾಲೆಯ ಗೇಟು. ಒಂದು ವರ್ಷದಿಂದ ಬೆಳಗಿನ ಗೇಟ್ ಡ್ಯೂಟಿಯನ್ನು ಅವರ ತಲೆಗೇ ಕಟ್ಟಿದ್ದರು. ಉಳಿದ ಮೇಷ್ಟ್ರುಗಳು ಮನೆಯಲ್ಲಿ ಎರಡನೇ ಕಾಫಿ ಕುಡಿಯುವ ಹೊತ್ತಿಗೆ ಇವರು ಚಳಿಯಲ್ಲಿ ನಿಂತು ಸ್ಕೂಟರುಗಳ ಹೊಗೆ ಕುಡಿಯಬೇಕು, ಮಕ್ಕಳ ಟೈ ಸರಿಮಾಡಬೇಕು, ತಾಯಂದಿರ ದೂರು ಕೇಳಬೇಕು. "ನೀವು ಮೇಷ್ಟ್ರೋ, ವಾಚ್‌ಮನ್ನೋ?" ಎಂದು ಹೆಂಡತಿ ಕೇಳಿದ ದಿನದಿಂದ ಅವರಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ.

ಹೀಗಿರುವಾಗ ಹೆಡ್‌ಮೇಡಂ ಒಂದು ಆಸೆ ತೋರಿಸಿದರು. ಯಾವ ತರಗತಿಯಲ್ಲಿ ತಿಂಗಳಿಡೀ ಒಂದು ಮಗುವೂ ಗೈರುಹಾಜರಾಗುವುದಿಲ್ಲವೋ, ಆ ಕ್ಲಾಸ್ ಟೀಚರಿಗೆ ಇನ್ನು ಮುಂದೆ ಗೇಟ್ ಡ್ಯೂಟಿ ಇಲ್ಲ. ಮೇಷ್ಟ್ರು ಟೊಂಕ ಕಟ್ಟಿ ನಿಂತರು. ಬೇಸರ ಎಂದ ಹುಡುಗನಿಗೆ ಕಿಟಕಿ ಪಕ್ಕದ ಜಾಗ ಕೊಟ್ಟರು. ಅತ್ತೆ ಮನೆಗೆ ಹೋಗಬೇಕು ಎಂದ ಹುಡುಗಿಯ ಅತ್ತೆಗೇ ಫೋನು ಮಾಡಿ, ಭಾನುವಾರ ಕಳಿಸುತ್ತೇವೆ ಎಂದು ಒಪ್ಪಿಸಿದರು. ಅಂತೂ ತಿಂಗಳ ಕೊನೆಯ ದಿನ ಬಂತು. ಅವತ್ತು ಅವರಿಗೆ ಗೇಟಿನಲ್ಲಿ ಕಾಲೇ ನಿಲ್ಲಲಿಲ್ಲ. ಗಂಟೆ ಹೊಡೆದದ್ದೇ ತಡ, ತರಗತಿಗೆ ಓಡಿದರು.

ಮುಂದಿನ ಬೆಂಚಿನ ತುದಿ ಖಾಲಿ. ಚೂಟಿ ಬಂದಿರಲಿಲ್ಲ. ಚೂಟಿ ಎಂದರೆ ತರಗತಿಯಲ್ಲೇ ಪುಟ್ಟ ಹುಡುಗಿ. ಹೇಳಿದ ಮಾತನ್ನು ಚಾಚೂತಪ್ಪದೆ ಪಾಲಿಸುವವಳು, ರಜಾ ಕೊಟ್ಟರೆ ಮುಖ ಚಿಕ್ಕದು ಮಾಡುವವಳು. ಅಂಥವಳೇ ಇವತ್ತು ಕೈಕೊಟ್ಟಿದ್ದಳು. ತಾಯಿಗೆ ಫೋನು ಮಾಡಿದರೆ, ಆಕೆ ಕೆಲಸದ ಹೊತ್ತಿನಲ್ಲಿ ಎತ್ತುವುದಿಲ್ಲ.

ಊಟದ ಬಿಡುವು ಮುಗಿದ ಗಂಟೆ ಹೊಡೆದ ಮೇಲೆ ಹೆಡ್‌ಮೇಡಂ ಸ್ವತಃ ಬಂದು ತಲೆ ಎಣಿಸುವುದೆಂದು ಮಾತಾಗಿತ್ತು. ಅಷ್ಟರೊಳಗೆ ಹುಡುಗಿಯನ್ನು ತಂದು ಕೂರಿಸಿದರೆ ಸೈ. ಊಟದ ಬಿಡುವಿಗೆ ಮೇಷ್ಟ್ರು ಊಟ ಬಿಟ್ಟು, ಹೆಡ್‌ಮೇಡಂ ಕಿಟಕಿಗೆ ಕಾಣದಂತೆ ಶಾಲೆಯ ಹಿಂಬಾಗಿಲಿಂದ ಜಾರಿಕೊಂಡರು.

ಚೂಟಿಯ ಮನೆ ಎರಡು ಬೀದಿ ಆಚೆ. ಬಾಗಿಲು ತೆಗೆದದ್ದು ಅವಳ ಅಜ್ಜಿ. ಮೇಷ್ಟ್ರು ನಯವಾಗಿ, ಮಗುವಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು.

"ಅವಳು ಸ್ಕೂಲಿಗೆ ಹೋಗಿದಾಳಲ್ಲ ಮೇಷ್ಟ್ರೇ," ಎಂದರು ಅಜ್ಜಿ. "ನೀವು ಹೋಗಿಲ್ವಾ ಇವತ್ತು?"

ಮೇಷ್ಟ್ರು ಬೆಪ್ಪಾದರು. ಇಷ್ಟು ಸಾಕಾಯಿತು ಬೀದಿಗೆ. ಎದುರಿನ ಟೈಲರು ಕತ್ತರಿ ಹಿಡಿದುಕೊಂಡೇ ಬಂದ. ಮಗು ಬ್ಯಾಗು ಹಾಕಿಕೊಂಡು ಹೋದದ್ದನ್ನು ತಾನೇ ಕಣ್ಣಾರೆ ಕಂಡೆ ಎಂದ. ಇಸ್ತ್ರಿ ಅಂಗಡಿಯಾಕೆ, ಒಂದು ಷೂ ಸಿಗದೆ ಅವಳು ತಡವಾಗಿ ಓಡಿದ್ದನ್ನು ಸೇರಿಸಿದಳು. ಮಹಡಿಯ ಮೇಲಿನ ರಿಟೈರ್ಡ್ ಗುಮಾಸ್ತರಂತೂ ಮೆಟ್ಟಿಲು ಇಳಿಯುವಷ್ಟರಲ್ಲೇ ಕಾರಣ ಕಂಡುಹಿಡಿದಿದ್ದರು: ಮಗು ಲೆಕ್ಕಕ್ಕೆ ಹೆದರಿ ಎಲ್ಲೋ ಅವಿತುಕೊಂಡಿದೆ. ಆಮೇಲೆ ಎಲ್ಲರೂ ಲೆಕ್ಕದ ಮೇಷ್ಟ್ರ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು, ತಾನು ಮಕ್ಕಳನ್ನು ಗದರುವುದೇ ಇಲ್ಲ ಎಂದು ಯಾರೂ ಕೇಳದೆಯೇ ಹೇಳಿದರು.

ಅಲ್ಲಿಯವರೆಗೆ ಅವರ ಕಣ್ಣಿಗೆ ಕಂಡದ್ದು ಖಾಲಿ ಬೆಂಚು ಮಾತ್ರ. ಈಗ ಬೆಂಚಿನ ಹುಡುಗಿ ಕಂಡಳು. ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ ಅಂದರೆ ಎಲ್ಲಿ ಹೋದಳು ಕೂಸು? ಗೇಟು ಹಾಳಾಗಲಿ, ಮಗು ಸಿಕ್ಕರೆ ಸಾಕು ಅನ್ನಿಸಿಬಿಟ್ಟಿತು ಅವರಿಗೆ.

ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. "ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂತಾರೆ. ಮೊದಲು ಸ್ಕೂಲು ನೋಡೋಣ ನಡೀರಿ," ಎಂದು ಚಪ್ಪಲಿ ಮೆಟ್ಟಿದರು. ಅವರ ಹಿಂದೆ ಟೈಲರು, ಇಸ್ತ್ರಿಯಾಕೆ, ಗುಮಾಸ್ತರು, ದಾರಿಯಲ್ಲಿ ಸಿಕ್ಕ ಇನ್ನೂ ನಾಲ್ಕು ಜನ. ಹಿಂಬಾಗಿಲಿಗೆ ಇಷ್ಟು ದೊಡ್ಡ ಮೆರವಣಿಗೆ ಹಿಡಿಸದು. ಎಲ್ಲರೂ ಶಾಲೆಯ ಮುಂದಿನ ಗೇಟಿಗೇ ಬಂದರು.

ಗೇಟಿನ ಒಳಗೆ ವಾಚ್‌ಮನ್ ತಾತನ ಪುಟ್ಟ ಕೋಣೆ. ಅಲ್ಲಿ ಸ್ಟೂಲಿನ ಮೇಲೆ ಚೂಟಿ ಕಾಲಾಡಿಸುತ್ತ ಕೂತು, ತಾತ ಸುಲಿದು ಕೊಟ್ಟ ಕಿತ್ತಳೆ ತಿನ್ನುತ್ತಿದ್ದಳು. ಮೇಷ್ಟ್ರನ್ನು ಕಂಡವಳೇ ಇಳಿದು, ಬಾಯಿ ಒರೆಸಿಕೊಂಡು, ಒಂದು ಚೀಟಿ ಚಾಚಿದಳು.

"ಸಾರ್, ಸಹಿ."

ಮೇಷ್ಟ್ರು ಚೀಟಿ ತೆಗೆದುಕೊಂಡು ತಿರುಗಿಸಿ ನೋಡಿದರು. ತಾತನೇ ಬಿಡಿಸಿ ಹೇಳಿದ. "ಗಂಟೆ ಹೊಡೆದ ಹಿಂದೇನೇ ಬಂದ್ಲು ಸಾರ್. ಲೇಟಾದೋರ ಚೀಟಿಗೆ ಗೇಟ್ ಡ್ಯೂಟಿ ಮೇಷ್ಟ್ರದೇ ಸಹಿ ಆಗ್ಬೇಕು, ಅದಿಲ್ದೆ ಒಂದು ನೊಣಾನೂ ಕ್ಲಾಸಿಗೆ ಬಿಡಬೇಡ ಅಂತ ನೀವೇ ಅಲ್ವಾ ನಂಗೆ ಹೇಳಿದ್ದು? ಇವತ್ತು ನೋಡಿದ್ರೆ ನೀವೇ ನಾಪತ್ತೆ. ಗೇಟು ಬಿಟ್ಟು ನಾನೂ ಬರೋ ಹಾಗಿಲ್ಲ. ಇನ್ನೇನು ಬರ್ತೀರಿ ಅಂತ ಇಬ್ಬರೂ ಕಾಯ್ತಾ ಕೂತಿದ್ವಿ."

ಅಜ್ಜಿ ಮೊಮ್ಮಗಳ ತಲೆ ಸವರಿ, ಮೇಷ್ಟ್ರನ್ನು ಒಮ್ಮೆ ನೋಡಿದರು. ಅಷ್ಟು ಹೊತ್ತಿಗೆ ಗದ್ದಲ ಕೇಳಿ ಹೆಡ್‌ಮೇಡಂ ಬಂದಾಗಿತ್ತು. ಎಲ್ಲರೂ ಒಟ್ಟಿಗೆ ಮಾತಾಡಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಮಗು ಬೆಳಗಿನಿಂದ ಕಾಂಪೌಂಡಿನ ಒಳಗೇ ಇದ್ದದ್ದರಿಂದ ಅವಳು ಹಾಜರು ಎಂದು ತೀರ್ಪು ಕೊಟ್ಟರು. ಅಂದರೆ ತಿಂಗಳಿಡೀ ತರಗತಿ ಪೂರ್ತಿ. ಮೇಷ್ಟ್ರ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಗುಮಾಸ್ತರು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಮುಂದೆ ಬಂದು, ಒಂದು ಮಗು ಬರಲಿಲ್ಲ ಎಂದು ಊಟ ಬಿಟ್ಟು ಮನೆ ಬಾಗಿಲಿಗೆ ಬರುವ ಮೇಷ್ಟ್ರನ್ನು ಈ ಜನ್ಮದಲ್ಲಿ ನೋಡಿರಲಿಲ್ಲ ಎಂದು ಭಾಷಣ ಮಾಡಿದರು. ಟೈಲರು ಹೌದೆಂದ. ಇಸ್ತ್ರಿಯಾಕೆ ಕಣ್ಣೊರೆಸಿಕೊಂಡಳು. ಹೆಡ್‌ಮೇಡಂ ಕನ್ನಡಕ ತೆಗೆದು ಮೇಷ್ಟ್ರನ್ನು ಹೊಸದಾಗಿ ನೋಡಿದರು.

"ಗೇಟ್ ಡ್ಯೂಟಿ ನಾಳೆಯಿಂದ ನಿಮಗಿಲ್ಲ ಮೇಷ್ಟ್ರೇ. ಇಂಥಾ ಮನುಷ್ಯನ್ನ ಗೇಟಲ್ಲಿ ನಿಲ್ಲಿಸಿ ತಪ್ಪು ಮಾಡಿಬಿಟ್ಟೆ. ಇನ್ಮೇಲೆ ಇಡೀ ಸ್ಕೂಲಲ್ಲಿ ಯಾವ ಮಗು ಬರದೇ ಇದ್ರೂ, ಮನೆಗೆ ಹೋಗಿ ವಿಚಾರಿಸೋ ಕೆಲಸ ನಿಮ್ದು."

ಬೀದಿಯವರು ಚಪ್ಪಾಳೆ ತಟ್ಟಿದರು. ಇಡೀ ಶಾಲೆಯೆಂದರೆ ಎಷ್ಟು ಮಕ್ಕಳು, ಎಷ್ಟು ಬೀದಿ, ಎಷ್ಟು ಗುಮಾಸ್ತರು ಎಂದು ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಮೇಡಂ, ನಂಗೆ ಗೇಟೇ ಇರ್ಲಿ," ಎಂದರು ಮೆಲ್ಲಗೆ.

"ಅದು ಹೇಗಾಗುತ್ತೆ? ನಾನು ಮಾತು ಕೊಟ್ಟಾಗಿದೆ," ಎಂದು ಹೆಡ್‌ಮೇಡಂ ಚೂಟಿಯ ಕೈ ಹಿಡಿದು ಒಳಗೆ ಹೊರಟರು. ಮೇಷ್ಟ್ರು ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತರು. ಬಿಡಲು ಮನಸ್ಸೇ ಬರಲಿಲ್ಲ.